ಮಾವನ ಮೋಟ್ರು ಯಾಕೆ ಸುಡ್ತಿತ್ತು? ಸರಿಯಾದ ವೈರ್ ಆರಿಸೋ ಲೆಕ್ಕ

ನಾನು ಸೆಕೆಂಡ್ ಇಯರ್ ಎಲೆಕ್ಟ್ರಿಕಲ್. ಊರು ತೋರಣಗಲ್ಲು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವಳು, ಹಾಗಾಗಿ ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ತಿದ್ದಿ, ಆದರೆ ಲೆಕ್ಕ ಮಾತ್ರ ಪೂರ್ತಿ ಓದಿ.

ಹೋದ ಬೇಸಿಗೆ ರಜೆಯಲ್ಲಿ ಕಂಪ್ಲಿ ಹತ್ತಿರ ಇರೋ ಮಾವನ ಊರಿಗೆ ಹೋಗಿದ್ದೆ. ಮಾವನದು ಹೊಳೆ ದಂಡೆಯ ಹೊಲ, ಒಂದು ಕಡೆ ನೆಲ್ಲು, ಇನ್ನೊಂದು ಕಡೆ ಬಾಳೆ. ತುಂಗಭದ್ರಾ ಹೊಳೆಗೆ 7.5 ಎಚ್‌ಪಿ ಮೋಟರ್ ಇಟ್ಟು ನೀರು ಎತ್ತುತ್ತಾರೆ. ಹೋದ ದಿನವೇ ಮೋಟರ್ ವೈಂಡಿಂಗ್ ಅಂಗಡಿ ಸೇರಿತ್ತು. ಎರಡು ವರ್ಷದಲ್ಲಿ ಅದು ಮೂರನೇ ಸಲ. ಬಾಳೆಗೆ ನೀರಿಲ್ಲದೆ ನಾಲ್ಕು ದಿನ ಆಗಿತ್ತು.

ಮಾವ ನನ್ನನ್ನ ನೋಡಿ ಅಂದರು, "ಏನವ್ವ ಇಂಜಿನಿಯರು, ಕರೆಂಟಿನ ಓದು ಓದ್ತೀಯಂತ. ಈ ಮೋಟ್ರು ಯಾಕ ಪದೇ ಪದೇ ಸುಡ್ತೈತಿ ಹೇಳು ನೋಡೋಣ."

ನಾನು ಥಟ್ ಅಂತ, "ಮಾವ, ವೋಲ್ಟೇಜ್ ಡ್ರಾಪ್ ಇರಬೇಕು" ಅಂದೆ.

"ಹಂಗಂದ್ರ?"

ನನಗೆ ಹೇಳೋಕೆ ಬರಲಿಲ್ಲ. ಎಕ್ಸಾಮ್‌ನಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದೇನೆ, ಫಾರ್ಮುಲಾ ಗೊತ್ತು. ಆದರೆ ಮಾವನಿಗೆ ಅರ್ಥ ಆಗೋ ಹಾಗೆ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಈ ಲೇಖನ ಅವತ್ತು ಹೇಳಲಾಗದ ಉತ್ತರ.

ಎಲ್ಲರೂ ನೋಡಿದ್ದು ಒಂದೇ ಪ್ರಶ್ನೆ

ಹಳೇ ಕೇಬಲ್ ತಾಮ್ರದ್ದು, 2.5 ಸ್ಕ್ವೇರ್ ಎಂಎಂ, ಮೂರು ಕೋರ್‌ನ ಫ್ಲ್ಯಾಟ್ ಕೇಬಲ್. ಅಂಗಡಿಯವರ ಭಾಷೆಯಲ್ಲಿ "ಎರಡೂವರೆ ಸ್ಕ್ವೇರ್". ಸ್ಟಾರ್ಟರ್ ಡಬ್ಬಿ ಟಿಸಿ ಪಕ್ಕದ ಕಂಬದ ಹತ್ತಿರ, ಮೋಟರ್ ಹೊಳೆಯಲ್ಲಿ. ನಡುವೆ ಹೆಜ್ಜೆ ಹಾಕಿ ಅಳೆದರೆ ಸುಮಾರು 250 ಮೀಟರ್. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಹಾಗೆ ಮೋಟರನ್ನೂ ಒಳಗೆ ಸರಿಸುತ್ತಾರೆ. ಆಗೆಲ್ಲ ಕೇಬಲ್‌ಗೆ ಇನ್ನೊಂದು ತುಂಡು ಸೇರಿಸಿ, ಜಾಯಿಂಟ್‌ಗೆ ಟೇಪ್ ಸುತ್ತೋದು.

ಕೇಬಲ್ ಬಗ್ಗೆ ಅನುಮಾನ ಪಟ್ಟಾಗ ಮಾವ ಒಂದೇ ಮಾತು ಹೇಳಿದರು. "ವೈರ್ ಮುಟ್ಟಿ ನೋಡೀನವ್ವ, ಸುಡೋದಿಲ್ಲ. ಇದು ಲೈನಿನ ತಪ್ಪು."

ಅವರು ಹೇಳಿದ್ದರಲ್ಲಿ ಅರ್ಧ ಸರಿ. ವೈರ್ ಆರಿಸೋವಾಗ ಅದು ಎರಡು ಪರೀಕ್ಷೆ ಪಾಸಾಗಬೇಕು. ಮೊದಲನೆಯದು ಬಿಸಿಯ ಪರೀಕ್ಷೆ: ಇಷ್ಟು ಕರೆಂಟ್ ಹರಿದರೆ ವೈರಿನ ಇನ್ಸುಲೇಷನ್ ತಡೆಯುತ್ತಾ? ಎರಡನೆಯದು ದೂರದ ಪರೀಕ್ಷೆ: ಆ ತುದಿ ತಲುಪೋ ಹೊತ್ತಿಗೆ ವೋಲ್ಟೇಜ್ ಎಷ್ಟು ಉಳಿದಿರುತ್ತೆ? ಮಾವ, ವೈಂಡಿಂಗ್ ಅಂಗಡಿಯವರು, ಕೇಬಲ್ ಕೊಟ್ಟವರು, ಎಲ್ಲರೂ ನೋಡಿದ್ದು ಮೊದಲನೆಯದನ್ನ ಮಾತ್ರ. ನಮ್ಮ ಲ್ಯಾಬ್‌ನಲ್ಲಿ ಮೋಟರ್‌ಗೂ ಸಪ್ಲೈಗೂ ಮೂರು ಮೀಟರ್ ದೂರ ಇರುತ್ತೆ, ಹಾಗಾಗಿ ಎರಡನೇ ಪರೀಕ್ಷೆ ನಮಗೂ ನೆನಪಾಗೋದಿಲ್ಲ.

ಮೊದಲ ಪರೀಕ್ಷೆ: ಬಿಸಿ

ಮೊದಲು ಮೋಟರಿನ ನೇಮ್‌ಪ್ಲೇಟ್ ಓದಬೇಕು. ಮಾವನ ಮೋಟರ್ ಮೇಲೆ ಇದ್ದದ್ದು: 7.5 ಎಚ್‌ಪಿ, 5.5 ಕಿಲೋವ್ಯಾಟ್, ಮೂರು ಫೇಸ್, 415 ವೋಲ್ಟ್, 11 ಆಂಪಿಯರ್. ನೇಮ್‌ಪ್ಲೇಟ್ ಅಳಿಸಿ ಹೋಗಿದ್ದರೆ ಒಂದು ಅಂದಾಜು ಇದೆ. 415 ವೋಲ್ಟ್‌ನ ಮೂರು ಫೇಸ್ ಮೋಟರ್‌ಗೆ ಒಂದು ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್.

ಇದು ಗಂಟೆಗಟ್ಟಲೆ ಓಡೋ ಮೋಟರ್, ಹಾಗಾಗಿ 25 ಪರ್ಸೆಂಟ್ ಜಾಸ್ತಿ ಹಿಡಿಯೋಣ. ಅಮೆರಿಕದ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಇದು ನಿಯಮವೇ ಆಗಿದೆ. 11 × 1.25 = 13.75 ಆಂಪಿಯರ್. ನಮ್ಮ ವೈರ್ ಕನಿಷ್ಠ ಇಷ್ಟನ್ನ ಆರಾಮಾಗಿ ಹೊರಬೇಕು.

2.5 ಸ್ಕ್ವೇರ್ ತಾಮ್ರದ ಫ್ಲ್ಯಾಟ್ ಕೇಬಲ್ ಎಷ್ಟು ಹೊರುತ್ತೆ? ಕಂಪನಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ 18 ಆಂಪಿಯರ್ ಆಸುಪಾಸು ಇರುತ್ತೆ. ಆದರೆ ಆ ಪಟ್ಟಿ ಸುತ್ತಲಿನ ಗಾಳಿ 40 ಡಿಗ್ರಿ ಇದೆ ಅಂದುಕೊಂಡು ಮಾಡಿದ್ದು. ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅನ್ನೋ ಜೋಕ್ ನಿಮಗೂ ಗೊತ್ತು. 45 ಡಿಗ್ರಿ ಹಿಡಿಯೋಣ.

ಪಿವಿಸಿ ಇನ್ಸುಲೇಷನ್ ತಡೆಯೋದು 70 ಡಿಗ್ರಿವರೆಗೆ. ಗಾಳಿ 40 ಇದ್ದರೆ ಬಿಸಿಯಾಗೋಕೆ 30 ಡಿಗ್ರಿ ಜಾಗ ಇದೆ, 45 ಇದ್ದರೆ 25 ಡಿಗ್ರಿ ಮಾತ್ರ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಅದಕ್ಕೆ 25/30ರ ವರ್ಗಮೂಲ ತಗೊಳ್ಳಬೇಕು. ಅದು 0.91. ಅಂದರೆ 18 × 0.91 = ಸುಮಾರು 16.4 ಆಂಪಿಯರ್.

ಬೇಕಾದ್ದು 13.75, ಇರೋದು 16.4. ಪಾಸ್! ಮಾವ ಮುಟ್ಟಿ ನೋಡಿ ಹೇಳಿದ್ದೂ ಇದನ್ನೇ.

ಎರಡನೇ ಪರೀಕ್ಷೆ: ದೂರ

ಮಾವನಿಗೆ ಕೊನೆಗೆ ಅರ್ಥ ಆಗಿದ್ದು ಕಾಲುವೆಯ ಉದಾಹರಣೆಯಿಂದ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ ಹೋಗುತ್ತೆ. ಡ್ಯಾಂ ತುಂಬಿದ್ದರೂ "ಕೊನೆ ಭಾಗದ ರೈತರಿಗೆ ನೀರು ಬಂದಿಲ್ಲ" ಅನ್ನೋ ಸುದ್ದಿ ನಾವೆಲ್ಲ ಪೇಪರ್‌ನಲ್ಲಿ ಓದಿ ಬೆಳೆದವರು. ಡ್ಯಾಂನಲ್ಲಿ ಎಷ್ಟು ನೀರಿದೆ ಅನ್ನೋದು ಒಂದು ಪ್ರಶ್ನೆ, ಕೊನೆ ತೂಬಿನಲ್ಲಿ ಎಷ್ಟು ಮಟ್ಟ ಇದೆ ಅನ್ನೋದು ಬೇರೆಯೇ ಪ್ರಶ್ನೆ.

ಟಿಸಿ ಅಂದರೆ ಡ್ಯಾಂ. ಕೇಬಲ್ ಅಂದರೆ ಕಾಲುವೆ. ನಮ್ಮ ಮೋಟರ್ ಕೊನೆ ಭಾಗದ ರೈತ.

ಈ ಹೋಲಿಕೆಯಲ್ಲಿ ಒಂದು ಎಚ್ಚರಿಕೆ ಇದೆ. ಕಾಲುವೆಯಲ್ಲಿ ನೀರೇ ಕಡಿಮೆ ಆಗುತ್ತೆ, ಯಾಕಂದರೆ ದಾರಿಯಲ್ಲಿ ಬೇರೆಯವರು ತಿರುಗಿಸಿಕೊಳ್ತಾರೆ. ವೈರ್‌ನಲ್ಲಿ ಹಾಗಲ್ಲ. ಈ ತುದಿಯಲ್ಲಿ 11 ಆಂಪಿಯರ್ ಹೋದರೆ ಆ ತುದಿಯಲ್ಲೂ 11 ಆಂಪಿಯರ್ರೇ. ಕಡಿಮೆ ಆಗೋದು ವೋಲ್ಟೇಜ್, ಅಂದರೆ ನೀರನ್ನ ತಳ್ಳೋ ಮಟ್ಟ. ವೈರಿನ ರೆಸಿಸ್ಟೆನ್ಸ್ ದಾರಿಯುದ್ದಕ್ಕೂ ಆ ಮಟ್ಟವನ್ನ ಸ್ವಲ್ಪ ಸ್ವಲ್ಪ ತಿಂದು ಬಿಸಿಯಾಗಿ ಬಿಡುತ್ತೆ.

ಮೂರು ಫೇಸ್‌ಗೆ ಲೆಕ್ಕ ಹೀಗೆ:

ಡ್ರಾಪ್ = 1.732 × ಕರೆಂಟ್ × ಉದ್ದ × ಒಂದು ಕಿಲೋಮೀಟರಿಗೆ ರೆಸಿಸ್ಟೆನ್ಸ್ × ಪವರ್ ಫ್ಯಾಕ್ಟರ್

ಉದ್ದವನ್ನ ಕಿಲೋಮೀಟರ್‌ನಲ್ಲಿ ಹಾಕಬೇಕು, ನಮ್ಮದು 0.25. ಪವರ್ ಫ್ಯಾಕ್ಟರ್ 0.85 ಅಂತ ಹಿಡಿಯೋಣ. ಇಷ್ಟು ಸಣ್ಣ ಕೇಬಲ್‌ಗಳಲ್ಲಿ ರಿಯಾಕ್ಟೆನ್ಸ್ ತುಂಬಾ ಕಡಿಮೆ, ಅದನ್ನ ಬಿಟ್ಟಿದ್ದೇನೆ. ಪಟ್ಟಿಯಲ್ಲಿ ಕೊಡೋ ರೆಸಿಸ್ಟೆನ್ಸ್ 20 ಡಿಗ್ರಿಯದ್ದು. ಬಿಸಿಲಲ್ಲಿ ಬಿದ್ದಿರೋ ವೈರ್ 70 ಡಿಗ್ರಿಗೆ ಹೋದರೆ ಅದು ಸುಮಾರು 20 ಪರ್ಸೆಂಟ್ ಏರುತ್ತೆ. ಅತಿ ಕೆಟ್ಟ ದಿನಕ್ಕೆ ಲೆಕ್ಕ ಹಾಕೋದು ಒಳ್ಳೇದು, ಅದಕ್ಕೆ ಎಲ್ಲವನ್ನೂ 1.2ರಿಂದ ಗುಣಿಸಿದ್ದೇನೆ.

ಫ್ಲೆಕ್ಸಿಬಲ್ ತಾಮ್ರದ ಕೇಬಲ್, 11 ಆಂಪಿಯರ್, 250 ಮೀಟರ್:

2.5 ಸ್ಕ್ವೇರ್: ಕಿಲೋಮೀಟರಿಗೆ 7.98 ಓಮ್. ಡ್ರಾಪ್ ಸುಮಾರು 39 ವೋಲ್ಟ್, ಅಂದರೆ 9.3 ಪರ್ಸೆಂಟ್.
4 ಸ್ಕ್ವೇರ್: 4.95 ಓಮ್. ಡ್ರಾಪ್ 24 ವೋಲ್ಟ್, 5.8 ಪರ್ಸೆಂಟ್.
6 ಸ್ಕ್ವೇರ್: 3.30 ಓಮ್. ಡ್ರಾಪ್ 16 ವೋಲ್ಟ್, 3.9 ಪರ್ಸೆಂಟ್.
10 ಸ್ಕ್ವೇರ್: 1.91 ಓಮ್. ಡ್ರಾಪ್ 9 ವೋಲ್ಟ್, 2.2 ಪರ್ಸೆಂಟ್.

ಮೋಟರ್‌ಗೆ ಡ್ರಾಪ್ 5 ಪರ್ಸೆಂಟ್ ಒಳಗೆ ಇರಬೇಕು ಅನ್ನೋದು ಸಾಮಾನ್ಯವಾಗಿ ಹಿಡಿಯೋ ಮಿತಿ. ಎರಡೂವರೆ ಸ್ಕ್ವೇರ್ ಹೆಚ್ಚುಕಡಿಮೆ ಅದರ ಎರಡರಷ್ಟು ಬೀಳಿಸ್ತಿದೆ. ಬಿಸಿಯ ಪರೀಕ್ಷೆಯಲ್ಲಿ ಪಾಸಾದ ಅದೇ ವೈರ್ ದೂರದ ಪರೀಕ್ಷೆಯಲ್ಲಿ ಫೇಲ್.

ಹಾಗಾದರೆ ಮುಟ್ಟಿದಾಗ ಯಾಕೆ ಸುಡಲಿಲ್ಲ? ಕಳೆದುಹೋಗೋ ಪವರ್ ಲೆಕ್ಕ ಹಾಕಿ. ಮೂರು ಕೋರ್, ಪ್ರತಿಯೊಂದರಲ್ಲೂ ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. ಒಟ್ಟು ಸುಮಾರು 870 ವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆಯಷ್ಟು! ಆದರೆ ಅದು 250 ಮೀಟರ್ ಉದ್ದಕ್ಕೂ ಹಂಚಿಹೋಗಿದೆ, ಒಂದು ಮೀಟರಿಗೆ ಮೂರೂವರೆ ವ್ಯಾಟ್ ಅಷ್ಟೇ. ಕೈಗೆ ಬಿಸಿಲಿಗೆ ಬೆಚ್ಚಗಾದ ಹಾಗೆ ಅನಿಸುತ್ತೆ. ಉದ್ದ ಜಾಸ್ತಿ ಆದಷ್ಟೂ ತಪ್ಪು ಕೈಗೆ ಸಿಗೋದಿಲ್ಲ. ಕೈಯಿಂದ ಮುಟ್ಟಿ ವೈರ್ ಪರೀಕ್ಷೆ ಮಾಡಬಾರದು ಅನ್ನೋಕೆ ಶಾಕ್ ಒಂದೇ ಕಾರಣ ಅಲ್ಲ.

ವೋಲ್ಟೇಜ್ ಬಿದ್ದರೆ ಮೋಟರ್ ಯಾಕೆ ಸುಡುತ್ತೆ?

ಬಲ್ಬ್‌ಗೆ ವೋಲ್ಟೇಜ್ ಕಡಿಮೆ ಆದರೆ ಮಂಕಾಗಿ ಉರಿಯುತ್ತೆ, ಸುಡೋದಿಲ್ಲ. ಮೋಟರ್ ಹಾಗಲ್ಲ. ಪಂಪ್‌ಗೆ ಎತ್ತಬೇಕಾದ ನೀರು ಅಷ್ಟೇ ಇದೆ. ವೋಲ್ಟೇಜ್ ಕಡಿಮೆ ಆದರೆ ಅದೇ ಕೆಲಸಕ್ಕೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಕರೆಂಟ್ ಜಾಸ್ತಿ ಆದರೆ ಕೇಬಲ್‌ನಲ್ಲಿ ಡ್ರಾಪ್ ಇನ್ನೂ ಜಾಸ್ತಿ. ಮೋಟರ್‌ಗೆ ಸಿಗೋ ವೋಲ್ಟೇಜ್ ಇನ್ನೂ ಕಡಿಮೆ. ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

ಮೋಟರ್ ವೈಂಡಿಂಗ್ ಆಗಿ ಬಂದಮೇಲೆ ನಮ್ಮಪ್ಪ ಬಂದು ಅಳೆದರು. ಅಪ್ಪ ಎಲೆಕ್ಟ್ರಿಷಿಯನ್. ಕ್ಲ್ಯಾಂಪ್ ಮೀಟರ್ ಹಿಡಿದದ್ದು ಅವರು, ನಾನು ನೋಟ್‌ಬುಕ್ ಹಿಡಿದಿದ್ದೆ. ದಯವಿಟ್ಟು ಅನುಭವ ಇಲ್ಲದೆ ಇದನ್ನ ನೀವೇ ಮಾಡೋಕೆ ಹೋಗಬೇಡಿ. ಒದ್ದೆ ನೆಲ, 415 ವೋಲ್ಟ್.

ಸ್ಟಾರ್ಟರ್ ಹತ್ತಿರ: 395 ವೋಲ್ಟ್.
ಮೋಟರ್ ಹತ್ತಿರ: 352 ವೋಲ್ಟ್.
ಕರೆಂಟ್: 12.6 ಆಂಪಿಯರ್.

ಮೊದಲನೇ ಅಂಕಿ ನೋಡಿ. ಸಪ್ಲೈ ಕೊಡೋವಾಗ 415 ವೋಲ್ಟ್‌ಗಿಂತ 6 ಪರ್ಸೆಂಟ್ ಆಚೀಚೆ ಆಗಬಹುದು ಅಂತ ನಿಯಮ ಇದೆ. ಅಂದರೆ 390ರವರೆಗೆ ಸರಿ. ಲೈನ್ ಅವತ್ತು ಮಿತಿಯೊಳಗೇ ಇತ್ತು. ಉಳಿದ 43 ವೋಲ್ಟ್ ತಿಂದದ್ದು ನಮ್ಮದೇ ಕೇಬಲ್ ಮತ್ತು ನಮ್ಮದೇ ಜಾಯಿಂಟ್‌ಗಳು. ಮಾವ ಎರಡು ವರ್ಷದಿಂದ ಬೈದದ್ದು ಲೈನಿಗೆ.

ಈಗ 12.6 ಆಂಪಿಯರ್. 11ಕ್ಕಿಂತ ಒಂದೂವರೆ ಜಾಸ್ತಿ ಅಷ್ಟೇ ಅನಿಸುತ್ತೆ. ಆದರೆ ಬಿಸಿ ವರ್ಗದ ಲೆಕ್ಕ. 12.6/11ರ ವರ್ಗ 1.31. ವೈಂಡಿಂಗ್‌ನಲ್ಲಿ 31 ಪರ್ಸೆಂಟ್ ಹೆಚ್ಚು ಬಿಸಿ. ಪ್ರತಿ 10 ಡಿಗ್ರಿ ಏರಿದರೆ ಇನ್ಸುಲೇಷನ್ ಆಯುಷ್ಯ ಅರ್ಧ ಆಗುತ್ತೆ ಅನ್ನೋದು ಮೋಟರ್‌ನವರ ಹಳೇ ಅಂದಾಜು. ಒಂದೇ ದಿನಕ್ಕೆ ಸುಡೋದಿಲ್ಲ, ಎಂಟು ತಿಂಗಳಿಗೆ ಸುಡುತ್ತೆ.

ಸ್ಟಾರ್ಟ್ ಆಗೋವಾಗ ಇನ್ನೂ ಕಷ್ಟ. ನೇರ ಸ್ಟಾರ್ಟರ್‌ನಲ್ಲಿ, ಅಂದರೆ ಡಿಒಎಲ್‌ನಲ್ಲಿ, ಮೋಟರ್ ಮೊದಲ ಕ್ಷಣಗಳಲ್ಲಿ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತೆ. ಆಗ ಡ್ರಾಪ್ ತುಂಬಾ ದೊಡ್ಡದು. ಮೋಟರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇರುತ್ತೆ, ಹಾಗಾಗಿ ವೋಲ್ಟೇಜ್ 80 ಪರ್ಸೆಂಟ್ ಆದರೆ ಟಾರ್ಕ್ 64 ಪರ್ಸೆಂಟ್. ಮೋಟರ್ ಗುಂಯ್ ಅಂತ ನರಳುತ್ತಾ ನಿಧಾನಕ್ಕೆ ಸ್ಪೀಡ್ ಹಿಡಿಯುತ್ತೆ. ಅಷ್ಟು ಹೊತ್ತೂ ಆರು ಪಟ್ಟಿನ ಹತ್ತಿರದ ಕರೆಂಟು ವೈಂಡಿಂಗ್ ಒಳಗೆ ಹರೀತಿರುತ್ತೆ.

ರಿಲೇಯನ್ನ ಸುಮ್ಮನಾಗಿಸಿದ್ದರು

ಇಷ್ಟಾದರೂ ಸ್ಟಾರ್ಟರ್ ಡಬ್ಬಿಯಲ್ಲಿ ಓವರ್‌ಲೋಡ್ ರಿಲೇ ಇದೆಯಲ್ಲ, ಅದು ಯಾಕೆ ಕಾಪಾಡಲಿಲ್ಲ? ಅಪ್ಪ ಡಬ್ಬಿ ತೆಗೆದು ತೋರಿಸಿದರು. ರಿಲೇ 11ರಲ್ಲಿ ಇರಬೇಕಿತ್ತು. ಯಾರೋ ಅದನ್ನ 15ಕ್ಕೆ ತಿರುಗಿಸಿದ್ದರು.

ಮಾವ ಮೆಲ್ಲಗೆ ಅಂದರು, "ಪದೇ ಪದೇ ಟ್ರಿಪ್ ಆಗ್ತಿತ್ತು. ಮೂರು ಫೇಸ್ ಇರೋದೇ ಸ್ವಲ್ಪ ಹೊತ್ತು. ಅಷ್ಟರಾಗ ನೀರು ಹಾಯ್ಸಬೇಕಲ್ಲವ್ವ."

ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಆದರೆ ಇಡೀ ಕಥೆಯಲ್ಲಿ ನಿಜವಾದ ಅಪಾಯ ಇದೇ. ರಿಲೇ ಟ್ರಿಪ್ ಆಗಿ "ಇಲ್ಲಿ ಏನೋ ತಪ್ಪಾಗಿದೆ" ಅಂತ ಹೇಳ್ತಿತ್ತು. ತಪ್ಪು ಹುಡುಕೋ ಬದಲು ಹೇಳೋ ಬಾಯಿ ಮುಚ್ಚಿಸಿದ್ದರು. ರಿಲೇ ಯಾವತ್ತೂ ನೇಮ್‌ಪ್ಲೇಟ್ ಕರೆಂಟಿಗೆ ಇರಬೇಕು. ಅದು ಟ್ರಿಪ್ ಆದರೆ ಮೊದಲು ಮೋಟರ್ ತುದಿಯಲ್ಲಿ ವೋಲ್ಟೇಜ್ ಅಳೆಸಿ, ಮೂರೂ ಫೇಸ್ ಬರ್ತಿದೆಯಾ ನೋಡಿ, ಪಂಪ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ.

ಸರಿಯಾದ ಕೇಬಲ್ ಯಾವುದು?

ಒಂದೊಂದೇ ಸೈಜ್ ಹಾಕಿ ನೋಡೋ ಬದಲು ಲೆಕ್ಕವನ್ನ ಉಲ್ಟಾ ಮಾಡಬಹುದು. 415ರ 5 ಪರ್ಸೆಂಟ್ ಅಂದರೆ 20.75 ವೋಲ್ಟ್. ನಮ್ಮ ಕರೆಂಟ್, ಉದ್ದ, ಪವರ್ ಫ್ಯಾಕ್ಟರ್ ಗೊತ್ತು. ಭಾಗಿಸಿದರೆ ಬಿಸಿ ವೈರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ 5.12 ಓಮ್ ಮೀರಬಾರದು ಅಂತ ಬರುತ್ತೆ. 1.2ರಿಂದ ಭಾಗಿಸಿದರೆ ಪಟ್ಟಿಯಲ್ಲಿ ಹುಡುಕಬೇಕಾದ ಸಂಖ್ಯೆ ಸಿಗುತ್ತೆ: 4.27 ಓಮ್.

ಈಗ ಪಟ್ಟಿ ತೆಗೆಯಿರಿ. 4 ಸ್ಕ್ವೇರ್ ತಾಮ್ರ 4.95, ಆಗಲ್ಲ. 6 ಸ್ಕ್ವೇರ್ ತಾಮ್ರ 3.30, ಆಗುತ್ತೆ. 6 ಸ್ಕ್ವೇರ್ ಅಲ್ಯೂಮಿನಿಯಂ 4.61, ಆಗಲ್ಲ. 10 ಸ್ಕ್ವೇರ್ ಅಲ್ಯೂಮಿನಿಯಂ 3.08, ಆಗುತ್ತೆ, ಡ್ರಾಪ್ 15 ವೋಲ್ಟ್.

250 ಮೀಟರ್ ತಾಮ್ರದ ರೇಟ್ ಕೇಳಿ ಮಾವ ಸುಮ್ಮನೆ ಕೂತರು. ಅದಕ್ಕೆ 10 ಸ್ಕ್ವೇರ್ ಅಲ್ಯೂಮಿನಿಯಂ ಆರಿಸಿದ್ವಿ. ಅಲ್ಯೂಮಿನಿಯಂಗೆ ಒಂದು ಶರತ್ತು ಇದೆ. ಅದನ್ನ ತಾಮ್ರಕ್ಕೆ ನೇರ ತಿರುಚಿ ಟೇಪ್ ಸುತ್ತಬಾರದು. ಒದ್ದೆ ಜಾಗದಲ್ಲಿ ಎರಡು ಲೋಹ ಸೇರಿದರೆ ಜಾಯಿಂಟ್ ಸವೆದು, ರೆಸಿಸ್ಟೆನ್ಸ್ ಏರಿ, ಅಲ್ಲೇ ಸುಡುತ್ತೆ. ಎರಡಕ್ಕೂ ಹೊಂದೋ ಬೈಮೆಟಲ್ ಲಗ್ ಹಾಕಿ ಒತ್ತಬೇಕು. ನಡುವೆ ಜಾಯಿಂಟ್ ಇಲ್ಲದೆ ಒಂದೇ ಉದ್ದದ ಕೇಬಲ್ ತಂದು, ಕೊನೆಯಲ್ಲಿ ಸ್ವಲ್ಪ ಸುರುಳಿ ಬಿಟ್ಟಿದ್ದೇವೆ. ಹೊಳೆ ಹಿಂದೆ ಸರಿದರೆ ಅದನ್ನ ಬಿಚ್ಚಿದರೆ ಆಯ್ತು. ಅರ್ಥಿಂಗ್ ವೈರ್ ಹಳೇದು ತುಂಡಾಗಿತ್ತು, ಅದನ್ನೂ ಹೊಸದಾಗಿ ಹಾಕಿದರು.

ಆಮೇಲೆ ಅಳೆದದ್ದು: ಸ್ಟಾರ್ಟರ್ ಹತ್ತಿರ 395, ಮೋಟರ್ ಹತ್ತಿರ 380 ವೋಲ್ಟ್, ಕರೆಂಟ್ 11.6 ಆಂಪಿಯರ್. ರಿಲೇ ಮತ್ತೆ 11ಕ್ಕೆ ಬಂತು. ಅದಕ್ಕಿಂತ ಐದು ಪರ್ಸೆಂಟ್ ಹೆಚ್ಚಿದ್ದರೂ ರಿಲೇ ತಡೆಯುತ್ತೆ, ಟ್ರಿಪ್ ಆಗಲಿಲ್ಲ. ಲೈನ್ ವೋಲ್ಟೇಜ್ ತುಂಬಾ ಬಿದ್ದ ದಿನ ಆಗಬಹುದು. ಆ ದಿನ ಆಗಲೇಬೇಕು, ಅದಕ್ಕೇ ಅದು ಇರೋದು.

ಪುಕ್ಕಟೆ ಕರೆಂಟಿನ ಲೆಕ್ಕ

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಾಗಿ ವೈರಿನಲ್ಲಿ ಹೋಗೋ ಯೂನಿಟ್ ಯಾರ ಬಿಲ್‌ನಲ್ಲೂ ಕಾಣೋದಿಲ್ಲ. ಹಳೇ ಕೇಬಲ್ 870 ವ್ಯಾಟ್ ತಿನ್ನುತ್ತಿತ್ತು, ಹೊಸದು ಅದೇ ಲೆಕ್ಕದಲ್ಲಿ 335 ವ್ಯಾಟ್. ದಿನಕ್ಕೆ 6 ಗಂಟೆ, ವರ್ಷಕ್ಕೆ 150 ದಿನ ಓಡಿಸಿದರೆ ಉಳಿಯೋದು ಸುಮಾರು 480 ಯೂನಿಟ್. ಒಂದು ಮೋಟರಿಗೆ. ದಂಡೆಯುದ್ದಕ್ಕೂ ಎಷ್ಟು ಮೋಟರ್ ಇವೆ ಅಂತ ನೀವೇ ನೋಡಿದ್ದೀರಿ.

ತೋರಣಗಲ್ಲಿನ ನಮ್ಮ ಮನೆಯಿಂದ ನೋಡಿದರೆ ಒಂದು ಕಡೆ ಸ್ಟೀಲ್ ಪ್ಲಾಂಟ್, ಇನ್ನೊಂದು ಕಡೆ ಕುಡಿತಿನಿಯ ಥರ್ಮಲ್ ಸ್ಟೇಷನ್, ಅದರ ಸಾಮರ್ಥ್ಯ 1700 ಮೆಗಾವ್ಯಾಟ್. ದೊಡ್ಡ ಕಾರ್ಖಾನೆಗಳೂ ಇದೇ ಎರಡು ಪರೀಕ್ಷೆ ಎದುರಿಸಬೇಕು. 1000 ಕಿಲೋವ್ಯಾಟ್ ಮೋಟರನ್ನ 415 ವೋಲ್ಟ್‌ನಲ್ಲಿ ಓಡಿಸಿದರೆ ಸುಮಾರು 1,700 ಆಂಪಿಯರ್ ಬೇಕು, ಅಷ್ಟಕ್ಕೆ ಎಷ್ಟು ದಪ್ಪ ಕೇಬಲ್ ಎಳೀತೀರಿ? ಅದಕ್ಕೆ ದೊಡ್ಡ ಮೋಟರ್‌ಗಳಿಗೆ 6.6 ಅಥವಾ 11 ಕಿಲೋವೋಲ್ಟ್ ಕೊಡ್ತಾರೆ. 6.6ರಲ್ಲಿ ಅದೇ ಮೋಟರ್‌ಗೆ ಸುಮಾರು 106 ಆಂಪಿಯರ್ ಸಾಕು. ಮಾವನಿಗೆ ವೋಲ್ಟೇಜ್ ಏರಿಸೋ ದಾರಿ ಇಲ್ಲ. ಅವರ ಕೈಲಿರೋದು ವೈರಿನ ದಪ್ಪ ಒಂದೇ.

ನಿಮಗೊಂದು ಲೆಕ್ಕ

ಬೋರ್‌ವೆಲ್‌ಗೆ 5 ಎಚ್‌ಪಿ, 415 ವೋಲ್ಟ್ ಮೋಟರ್, ನೇಮ್‌ಪ್ಲೇಟ್ ಕರೆಂಟ್ 7.5 ಆಂಪಿಯರ್. ಸ್ಟಾರ್ಟರ್‌ನಿಂದ ಮೋಟರ್‌ವರೆಗೆ 150 ಮೀಟರ್ ಕೇಬಲ್. ಬೋರ್ ಒಳಗಿನ ಆಳವನ್ನೂ ಸೇರಿಸಿದ್ದೇನೆ, ಅದನ್ನ ಮರೆಯೋರೇ ಜಾಸ್ತಿ. 1.5 ಸ್ಕ್ವೇರ್ ತಾಮ್ರದ ರೆಸಿಸ್ಟೆನ್ಸ್ ಕಿಲೋಮೀಟರಿಗೆ 13.3 ಓಮ್, 2.5ರದ್ದು 7.98. ಯಾವುದು ಹಾಕ್ತೀರಿ?

ಮೊದಲು ಮಾಡಿ, ಆಮೇಲೆ ಕೆಳಗೆ ನೋಡಿ.

1.5ಕ್ಕೆ ಡ್ರಾಪ್ ಸುಮಾರು 26 ವೋಲ್ಟ್, 6.4 ಪರ್ಸೆಂಟ್, ಫೇಲ್. 2.5ಕ್ಕೆ ಸುಮಾರು 16 ವೋಲ್ಟ್, 3.8 ಪರ್ಸೆಂಟ್, ಪಾಸ್. ಅಂದರೆ ಮಾವನ ಹೊಲದಲ್ಲಿ ಫೇಲ್ ಆದ ಎರಡೂವರೆ ಸ್ಕ್ವೇರ್ ಇಲ್ಲಿ ಸರಿಯಾದ ವೈರ್. ಮೋಟರಿನ ಎಚ್‌ಪಿ ಮಾತ್ರ ಹೇಳಿ "ಯಾವ ವೈರ್ ಹಾಕಲಿ" ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. "ಎಷ್ಟು ದೂರ?" ಅಂತ ಮೊದಲು ಕೇಳಿ.

ಕೇಬಲ್ ಹಾಕಿದ ದಿನ ಸಂಜೆ ಪಕ್ಕದ ಹೊಲದವರು ಬಂದು, ಇಷ್ಟು ದಪ್ಪ ವೈರ್ ಯಾಕೆ ಅಂತ ಕೇಳಿದರು. ನಾನು ಬಾಯಿ ತೆಗೆಯೋ ಮೊದಲೇ ಮಾವ ಹೇಳಿಬಿಟ್ಟರು. "ನಮ್ಮ ಮೋಟ್ರು ಕೊನೆ ಭಾಗದ ರೈತ ಐತಪಾ. ಕಾಲುವೆ ಸಣ್ಣದಿದ್ರ ಅದಕ್ಕ ನೀರು ಮುಟ್ಟಂಗಿಲ್ಲ."

ಐದು ಮಾರ್ಕ್ಸಿನ ಉತ್ತರ ಅದೇ.